ಚಟ್ನಿ ಡಬ್ಬಿಯ ತಳದ ಗುಳಿಗೆ

ಪಕ್ಕದ ಮನೆಯಲ್ಲಿ ಶೇಂಗಾ ಚಟ್ನಿ ಕುಟ್ಟುತ್ತಿದ್ದಾರೆ. ಮಿಕ್ಸರಿಗೆ ಹಾಕಿದರೆ ರುಚಿ ಕೆಡುತ್ತದೆಂದು ಆ ಮನೆಯ ಅಜ್ಜಿ ಹಟ ಹಿಡಿದು ಕಲ್ಲಿನ ಒರಳನ್ನು ಇನ್ನೂ ಇಟ್ಟುಕೊಂಡಿದ್ದಾಳೆ. ಹುರಿದ ಶೇಂಗಾ, ಬೆಳ್ಳುಳ್ಳಿ, ಕೆಂಪು ಖಾರ, ಜೀರಿಗೆ ಎಲ್ಲ ಸೇರಿದ ವಾಸನೆ ಗೋಡೆ ದಾಟಿ ನನ್ನ ಕುರ್ಚಿಯ ತನಕ ಬಂದಿದೆ. ನೀವು ನಮ್ಮ ಕಡೆಯವರಾಗಿದ್ದರೆ ಇಷ್ಟು ಓದುವಷ್ಟರಲ್ಲೇ ನಿಮ್ಮ ಬಾಯಲ್ಲಿ ನೀರೂರಿರುತ್ತದೆ. ನಾನು ಎದ್ದು ಹೋಗಿ ಕಿಟಕಿ ಹಾಕಿ ಬಂದೆ. ಎಂಟು ವರ್ಷದಿಂದ ನಾನು ಆ ಚಟ್ನಿಯನ್ನು ಬಾಯಿಗೆ ಹಾಕಿಲ್ಲ. ಯಾಕೆಂದು ಕೇಳಿದವರಿಗೆ ಪಿತ್ತ ಏರುತ್ತದೆ ಎನ್ನುತ್ತೇನೆ. ಅದು ಸುಳ್ಳು. ಸುಳ್ಳು ಹೇಳುವುದರಲ್ಲಿ ನಾನು ಚೆನ್ನಾಗಿ ಪಳಗಿದವನು, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಾನು ಬಸವನ ಬಾಗೇವಾಡಿಯಲ್ಲಿ ಮೂವತ್ತು ವರ್ಷ ಹೈಸ್ಕೂಲಿನ ವಿಜ್ಞಾನ ಮಾಸ್ತರನಾಗಿದ್ದೆ. ಲಿಟ್ಮಸ್ ಕಾಗದ ಅದ್ದಿ ಹುಡುಗರಿಗೆ ತೋರಿಸಿ, ಕಂಡದ್ದನ್ನು ಕಂಡಹಾಗೇ ಬರೆಯಿರಿ, ನಿಮಗೆ ಬೇಕಾದದ್ದನ್ನು ಬರೆಯಬೇಡಿ ಎಂದು ಗಂಟಲು ಹರಿದುಕೊಳ್ಳುತ್ತಿದ್ದೆ. ಕಣ್ಣೆದುರು ನೀಲಿಯಾದ ಕಾಗದ ಕೆಂಪಾಗಿದೆ ಎಂದು ಬರೆದವನ ಕಿವಿ ಹಿಂಡುತ್ತಿದ್ದೆ. ಈಗ ನೆನೆಸಿಕೊಂಡರೆ ಆ ಹುಡುಗರನ್ನೆಲ್ಲ ಕರೆದು ನನ್ನ ಕಿವಿಯನ್ನು ಅವರ ಕೈಗೆ ಕೊಡಬೇಕು ಅನ್ನಿಸುತ್ತದೆ.

ನಮ್ಮ ಊರು ಮಸೂತಿ. ನನಗೆ ಒಬ್ಬಳೇ ತಂಗಿ, ನೀಲವ್ವ. ಅವಳಿಗೆ ಹದಿನಾಲ್ಕನೇ ವರ್ಷಕ್ಕೆ ಫಿಟ್ಸ್ ಶುರುವಾಯಿತು. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಬಿದ್ದು ಕೈಕಾಲು ಸೆಟೆದಾಗ ಅವ್ವ ಓಡಿಬಂದು ಕೈಗೆ ಕೀಲಿಕೈ ಹಿಡಿಸಿದಳು, ಮೂಗಿಗೆ ಉಳ್ಳಾಗಡ್ಡಿ ಹಿಡಿದಳು. ಆಗಷ್ಟೇ ಬಿ.ಎಸ್ಸಿ. ಮುಗಿಸಿದ್ದ ನಾನು, "ಕಬ್ಬಿಣ ಹಿಡಿದ್ರ ಮಿದುಳು ಸುಮ್ನಾಗೂದಿಲ್ಲವ್ವ, ಡಾಕ್ಟರ ಕಡೆ ಹೋಗೂಣು" ಎಂದು ದೊಡ್ಡ ಪಂಡಿತನಂತೆ ಹೇಳಿ ಸೊಲ್ಲಾಪುರಕ್ಕೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರು ಗುಳಿಗೆ ಬರೆದುಕೊಟ್ಟರು. ಗುಳಿಗೆ ತಪ್ಪದೆ ತೆಗೆದುಕೊಂಡಷ್ಟು ದಿನ ಅವಳು ಎಲ್ಲರ ಹಾಗೆ ಓಡಾಡಿಕೊಂಡಿದ್ದಳು. ಅಲ್ಲಿಯವರೆಗೆ ನಾನು ವಿಜ್ಞಾನದ ಮನುಷ್ಯನೇ ಆಗಿದ್ದೆ.

ಅವಳ ಮದುವೆ ಮಾತುಕತೆ ಶುರುವಾದ ದಿನ ವಿಜ್ಞಾನ ಮುಗಿಯಿತು. ಆಲಮೇಲದ ಕಬ್ಬಿನ ಹೊಲದವರು, ಒಳ್ಳೆಯ ಮನೆತನ, ಹುಡುಗ ಗುರುಪಾದಪ್ಪ ಮಾತು ಕಡಿಮೆ, ದುಡಿಮೆ ಜಾಸ್ತಿ. ಅವ್ವ ನನ್ನನ್ನೂ ನೀಲವ್ವನನ್ನೂ ದೇವರ ಮನೆಗೆ ಕರೆದು ನಿಲ್ಲಿಸಿದಳು. "ಆ ಬ್ಯಾನಿ ಹೆಸರು ಈ ಮನಿ ಹೊಸ್ತಿಲ ದಾಟಬಾರದು. ದಾಟಿದ್ರ ನಾ ಸತ್ತಂಗ" ಎಂದು ನಮ್ಮಿಬ್ಬರ ಕೈ ಹಿಡಿದು ಆಣೆ ಹಾಕಿಸಿಕೊಂಡಳು. ನಿಮಗೆ ಇದು ವಿಚಿತ್ರವೆನಿಸಬಹುದು. ನಮ್ಮಲ್ಲಿ ಯಾರಿಗಾದರೂ ಕ್ಯಾನ್ಸರ್ ಎಂದರೆ ಜನ ಅಯ್ಯೋ ಎಂದು ಮನೆತನಕ ಬಂದು ಕೂತು ಹೋಗುತ್ತಾರೆ. ಫಿಟ್ಸ್ ಎಂದರೆ ಬರುವವರೂ ಬರುವುದಿಲ್ಲ. ಆ ಮನೆಯ ಹೆಣ್ಣುಮಕ್ಕಳಿಗೆಲ್ಲ, ಇನ್ನೂ ಹುಟ್ಟದವರಿಗೂ ಸೇರಿಸಿ, ಹಣೆಯ ಮೇಲೆ ಬರೆದುಬಿಡುತ್ತಾರೆ.

ಆದರೆ ಗುಳಿಗೆ ಪ್ರತಿದಿನ ಬೇಕಲ್ಲ. ಅದಕ್ಕೆ ಅವ್ವನೇ ದಾರಿ ಹುಡುಕಿದಳು. ತವರಿನಿಂದ ಮಗಳಿಗೆ ಚಟ್ನಿ, ಉಂಡಿ, ಕಡಕ್ ರೊಟ್ಟಿ ಹೋಗುವುದು ರೂಢಿ. ಎರಡು ತಿಂಗಳಿಗೊಮ್ಮೆ ನಾನು ಬಾಗೇವಾಡಿಯ ಔಷಧಿ ಅಂಗಡಿಯಿಂದ ಗುಳಿಗೆ ತರುತ್ತಿದ್ದೆ. ಅವ್ವ ಅವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಸ್ಟೀಲಿನ ಡಬ್ಬಿಯ ತಳಕ್ಕಿಟ್ಟು ಮೇಲೆ ಗೇಣುದ್ದ ಶೇಂಗಾ ಚಟ್ನಿ ತುಂಬುತ್ತಿದ್ದಳು. ನಾನು ಅದನ್ನು ತೊಡೆಯ ಮೇಲಿಟ್ಟುಕೊಂಡು ಸಿಂದಗಿಯಲ್ಲಿ ಬಸ್ಸು ಬದಲಿಸಿ ಆಲಮೇಲಕ್ಕೆ ಹೋಗುತ್ತಿದ್ದೆ. ನೀಲವ್ವ ಡಬ್ಬಿ ತೆಗೆದುಕೊಂಡು ಒಳಗೆ ಹೋಗುವಾಗ ನನ್ನ ಕಡೆ ಒಮ್ಮೆ ನೋಡುತ್ತಿದ್ದಳು. ಅತ್ತೆ ಕೇಳಿದರೆ ಅದು ರಕ್ತ ಆಗುವ ಗುಳಿಗೆ. ಹೀಗೆ ಇಪ್ಪತ್ತೆರಡು ವರ್ಷ. ಅವ್ವ ತೀರಿಕೊಂಡ ಮೇಲೆ ಚಟ್ನಿ ತುಂಬುವ ಕೆಲಸವೂ ನನಗೇ ಬಂತು. ನನ್ನ ಹೆಂಡತಿಗೆ ಈ ವಿಷಯ ಗೊತ್ತಿತ್ತು, ಆದರೆ ನಮ್ಮ ನಡುವೆಯೂ ಆ ಹೆಸರು ಬರುತ್ತಿರಲಿಲ್ಲ.

ಒಂದು ಸಲ ಮಳೆಗಾಲದಲ್ಲಿ ನಾನು ಹೋಗುವುದು ತಡವಾಗಿ ಗುಳಿಗೆ ತೀರಿ, ನೀಲವ್ವ ಹೊಲದಲ್ಲಿ ಬಿದ್ದಳಂತೆ. ಹಸಿವಿಗೆ ತಲೆಸುತ್ತು ಬಂತೆಂದು ಹೇಳಿ ಮುಚ್ಚಿಹಾಕಿದಳು. ನಾನು ಕಣ್ಣು ತೋರಿಸುವ ನೆಪದಲ್ಲಿ ಅವಳನ್ನು ಸೊಲ್ಲಾಪುರಕ್ಕೆ ಕರೆದೊಯ್ದೆ. ಡಾಕ್ಟರು ಗುಳಿಗೆಯ ಪ್ರಮಾಣ ಹೆಚ್ಚಿಸಿದರು. ಅದಾಗಿ ಐದಾರು ತಿಂಗಳಿಗೆ ಅವಳ ಕುತ್ತಿಗೆಯ ಎರಡೂ ಬದಿಗೆ ಗಂಟು ಎದ್ದವು. ಮೊದಲು ಶೇಂಗಾ ಕಾಳಿನಷ್ಟು, ಆಮೇಲೆ ನಿಂಬೆಕಾಯಿಯಷ್ಟು. ಸಣ್ಣಗೆ ಜ್ವರ. ಸಿಂದಗಿಯ ಡಾಕ್ಟರು ಮುಟ್ಟಿನೋಡಿ, ತಡಮಾಡದೆ ವಿಜಯಪುರಕ್ಕೆ ಹೋಗಿರಿ ಎಂದರು.

ಅಲ್ಲೊಂದು ಖಾಸಗಿ ಆಸ್ಪತ್ರೆಯಲ್ಲಿ ಒಂದು ಗಂಟನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಓದಿದವನೆಂದು ಡಾಕ್ಟರರ ಹತ್ತಿರ ಮಾತಾಡುವುದು ನನ್ನ ಪಾಲಿಗೆ ಬಂತು. ಗುರುಪಾದಪ್ಪ ಹೊರಗೆ ಬಾಕಿನ ಮೇಲೆ ಟವೆಲ್ ಹೆಗಲಿಗೆ ಹಾಕಿಕೊಂಡು ಕೂತಿರುತ್ತಿದ್ದ. "ಒಳಗ ಮಾಸ್ತರು ಅದಾರ, ಎಲ್ಲಾ ಹೇಳ್ತಾರ" ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದ. ನನಗೂ ಆ ಗೌರವ ಹಿತವಾಗಿತ್ತು.

ಮೂರನೆಯ ದಿನ, ಗಂಟಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಡಾಕ್ಟರಮ್ಮ ತಾವೇ ವಾರ್ಡಿಗೆ ನಡೆದು ಬಂದರು. ಐವತ್ತೈದರ ಹೆಂಗಸು, ದಪ್ಪ ಕನ್ನಡಕ, ಕಾಲಿಗೆ ಹವಾಯಿ ಚಪ್ಪಲಿ. ಇಂಥವರು ಪ್ರಯೋಗಾಲಯ ಬಿಟ್ಟು ರೋಗಿಯ ಹಾಸಿಗೆತನಕ ಬರುವುದು ಅಪರೂಪವೆಂದು ನರ್ಸ್ ಆಮೇಲೆ ಹೇಳಿದಳು. ಅವರು ನೀಲವ್ವನ ಕುತ್ತಿಗೆ ಮುಟ್ಟಿದರು, ಬಾಯಿ ತೆಗೆಯಲು ಹೇಳಿ ಒಸಡನ್ನು ಬೆಳಕಿಗೆ ಹಿಡಿದು ನೋಡಿದರು. ಅವಳ ಒಸಡು ವರ್ಷಗಳಿಂದ ಊದಿ ಹಲ್ಲಿನ ಅರ್ಧಕ್ಕೆ ಇಳಿದಿತ್ತು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ಈಕಿ ಯಾವುದರ ಗುಳಿಗಿ ತಗೋತಾಳೇನ್ರಿ? ವರ್ಷಗಟ್ಟಲೆ?"

"ಇಲ್ಲ್ರಿ ಮೇಡಂ."

"ಫಿಟ್ಸಿನ ಗುಳಿಗಿ?"

"ಇಲ್ಲ್ರಿ."

ಅವರು ಸುಮ್ಮನೆ ಹೋಗಲಿಲ್ಲ. ಮಂಚದ ತುದಿಗೆ ಕೂತು ಮಾಸ್ತರರಿಗೆ ತಿಳಿಯಲಿ ಎಂಬಂತೆ ಬಿಡಿಸಿ ಹೇಳಿದರು. "ನೋಡ್ರಿ, ಕೆಲವು ಗಂಟು ಸೋಗು ಹಾಕ್ತಾವ. ಕ್ಯಾನ್ಸರ್ ಇರೂದಿಲ್ಲ, ಆದ್ರ ಸೂಕ್ಷ್ಮದರ್ಶಕದ ಕಾಚಿನ್ಯಾಗ ಥೇಟ್ ಕ್ಯಾನ್ಸರ್ ಕಂಡಂಗ ಕಾಣ್ತಾವ. ಟಿ.ಬಿ.ಗೆ ಬರ್ತಾವ, ಬ್ಯಾರೆ ಜ್ವರಕ್ಕ ಬರ್ತಾವ, ಒಂದೊಂದು ಗುಳಿಗಿಗೂ ಬರ್ತಾವ. ಈಕಿದು ನೋಡಿದ್ರ ಕ್ಯಾನ್ಸರ್ ಅಂತ ಬರೀಬೇಕು ಅನಸ್ತೈತಿ, ಆದ್ರ ಕೈ ಏಳವಲ್ದು. ನೆನಪು ಮಾಡ್ಕೊಂಡು ಹೇಳ್ರಿ. ಯಾವ ಗುಳಿಗಿನೂ ಇಲ್ಲ?"

ನೀಲವ್ವ ನನ್ನ ಮುಖ ನೋಡಿದಳು. ಡಬ್ಬಿ ತೆಗೆದುಕೊಳ್ಳುವಾಗ ನೋಡುತ್ತಿದ್ದಂತೆಯೇ. ಹೊರಗಿನ ಬಾಕಿನ ಮೇಲೆ ಅವಳ ಗಂಡ ಕೂತಿದ್ದ, ಬಾಗಿಲು ತೆರೆದಿತ್ತು. ಕುತ್ತಿಗೆಯ ಗಂಟಿಗೂ ತಲೆಯ ಫಿಟ್ಸಿಗೂ ಎಲ್ಲಿಯ ಸಂಬಂಧ, ಈ ಡಾಕ್ಟರಮ್ಮನಿಗೆ ಸುಮ್ಮನೆ ಏನೇನೋ ಕೇಳುವುದೇ ಕೆಲಸ ಎಂದುಕೊಂಡೆ.

"ಯಾವುದೂ ಇಲ್ಲ್ರಿ ಮೇಡಂ," ಎಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡು ಎದ್ದು ಹೋದರು. ಮರುದಿನ ರಿಪೋರ್ಟ್ ಬಂತು. ಯಾವ ಗುಳಿಗೆಯೂ ಇಲ್ಲವೆಂಬ ನನ್ನ ಮಾತನ್ನು ಸೇರಿಸಿಕೊಂಡೇ ಅದರಲ್ಲಿ ಕ್ಯಾನ್ಸರ್ ಎಂದು ಬರೆದಿತ್ತು.

ಇಲ್ಲಿಯವರೆಗಿನದಕ್ಕೆ ನಾನು ಕ್ಷಮೆ ಕೇಳಬಲ್ಲೆ. ಗೊತ್ತಿರಲಿಲ್ಲ, ಆಣೆ ಇತ್ತು, ಅವಳ ಸಂಸಾರ ಉಳಿಯಬೇಕಿತ್ತು ಎಂದು ನಾಲ್ಕು ಮಾತು ಆಡಬಲ್ಲೆ. ಮುಂದಿನದು ಹಾಗಲ್ಲ.

ಇಪ್ಪತ್ತೊಂದು ದಿನಕ್ಕೊಮ್ಮೆ ಆಸ್ಪತ್ರೆಗೆ ಸೇರಿಸಿ ಬಾಟಲಿಯಲ್ಲಿ ಔಷಧ ಹಾಕುತ್ತಿದ್ದರು. ಮೊದಲನೆಯದಕ್ಕೆ ಅವಳ ಕೂದಲು ಹೋಯಿತು. ಎರಡನೆಯದಕ್ಕೆ ವಾಂತಿ ನಿಲ್ಲಲಿಲ್ಲ, ಬೆರಳ ತುದಿ ಜುಮುಜುಮು ಎನ್ನತೊಡಗಿತು. ಗಂಟು ಒಂದಿಷ್ಟು ಇಳಿದವು, ನಾವೆಲ್ಲ ಹಿಗ್ಗಿದೆವು. ಇಷ್ಟಾದರೂ ಫಿಟ್ಸಿನ ಗುಳಿಗೆ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಅದನ್ನು ತಪ್ಪಿಸದೆ ಮುಟ್ಟಿಸುತ್ತಿದ್ದವನು ನಾನು, ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಎರಡನೆಯ ಸಲ ಮುಗಿಸಿಕೊಂಡು ಬಂದ ಹತ್ತನೇ ದಿನ ನಾನು ಔಷಧಿ ಅಂಗಡಿಗೆ ಹೋಗಿ ವಾಂತಿಯ ಗುಳಿಗೆಯನ್ನೂ ಫಿಟ್ಸಿನ ಗುಳಿಗೆಯನ್ನೂ ಒಟ್ಟಿಗೆ ಕೇಳಿದೆ. ಅಂಗಡಿಯ ಬಾಬುಸಾಬ ಹಳೆಯ ಮನುಷ್ಯ, ನೀಲವ್ವನನ್ನು ಸಣ್ಣವಳಿದ್ದಾಗಿನಿಂದ ಬಲ್ಲವನು. ಇಪ್ಪತ್ತೆರಡು ವರ್ಷ ನನಗೆ ಗುಳಿಗೆ ಕೊಟ್ಟವನು, ಯಾರಿಗೆ ಎಂದು ಒಮ್ಮೆಯೂ ಕೇಳದವನು. ಅವತ್ತು ಆಸ್ಪತ್ರೆಯ ಕ್ಯಾನ್ಸರ್ ವಿಭಾಗದ ಚೀಟಿಯನ್ನೂ ಹಳೆಯ ಚೀಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದ.

"ಸರ, ಇವು ಎರಡೂ ಒಬ್ರಿಗೇನ್ರಿ?"

ಬೇರೆ ಗಿರಾಕಿಗಳು ಇರಲಿಲ್ಲ. ಹೌದು, ನೀಲವ್ವನಿಗೆ, ಎರಡು ಬಾಟಲಿ ಆಗಿದೆ, ಮೂರನೆಯದು ಇನ್ನೂ ಆಗಬೇಕು ಎಂದೆ.

ಅವನು ಹೊಸ ಡಬ್ಬಿ ಒಡೆದು ಒಳಗಿನ ಮಡಿಕೆ ಕಾಗದವನ್ನು ಬಿಚ್ಚಿ ಗಾಜಿನ ಕಟ್ಟೆಯ ಮೇಲೆ ಹರವಿದ. ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ. ಬೆರಳಿಟ್ಟು ತೋರಿಸಿದ. "ಇಲ್ಲಿ ನೋಡ್ರಿ. ಈ ಗುಳಿಗಿಗೆ ಒಬ್ಬೊಬ್ರಿಗೆ ಮೈಯಾಗ ಗಂಟು ಬರ್ತಾವಂತ. ಕ್ಯಾನ್ಸರಿನಂಗ ಇರ್ತಾವಂತ, ಗುಳಿಗಿ ಬದಲು ಮಾಡಿದ್ರ ಹೋಗ್ತಾವಂತ. ಡಾಕ್ಟರಿಗೆ ಇದನ್ನ ಹೇಳೀರಿಲ್ರಿ?"

ನಾನು ಓದಿದೆ. ಎರಡು ಸಲ ಓದಿದೆ. ಡಾಕ್ಟರಮ್ಮ ಮಂಚದ ತುದಿಗೆ ಕೂತು ಹೇಳಿದ್ದೇ ಅಲ್ಲಿ ಅಚ್ಚಾಗಿತ್ತು.

"ಇವತ್ತ ಹೇಳ್ತೇನಿ, ಬಾಬುಸಾಬ," ಎಂದು ಆ ಕಾಗದ ಮಡಚಿ ಕಿಸೆಗೆ ಹಾಕಿಕೊಂಡೆ.

ಮೂರನೆಯ ಸಲಕ್ಕೆ ಇನ್ನೂ ಹನ್ನೊಂದು ದಿನ ಇತ್ತು. ವಿಜಯಪುರ ಬಾಗೇವಾಡಿಯಿಂದ ಒಂದು ತಾಸಿನ ದಾರಿ. ಫೋನು ಕಿಸೆಯಲ್ಲೇ ಇತ್ತು. ನಾನು ಮಾಡಲಿಲ್ಲ. ಯಾಕೆ ಗೊತ್ತೇ? ಅಂದಿನಿಂದ ಒಂಬತ್ತನೆಯ ದಿನ ನನ್ನ ಮಗಳ ನಿಶ್ಚಯವಿತ್ತು. ಮುದ್ದೇಬಿಹಾಳದ ವ್ಯಾಪಾರಸ್ಥರ ಮನೆತನ, ನಮಗಿಂತ ಒಂದು ಕೈ ಮೇಲಿನವರು. ಹುಡುಗಿಯ ಸೋದರತ್ತೆಗೆ ಕ್ಯಾನ್ಸರ್ ಎಂದು ಅವರಿಗೆ ಗೊತ್ತಿತ್ತು. ಪಾಪ ಎಂದಿದ್ದರು. ಸೋದರತ್ತೆಗೆ ಫಿಟ್ಸ್ ಎಂದರೆ ಏನೆನ್ನುತ್ತಿದ್ದರೋ ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಧೈರ್ಯವೂ ಇರಲಿಲ್ಲ. ನಿಶ್ಚಯ ಮುಗಿಯಲಿ, ಮರುದಿನವೇ ಹೋಗಿ ಹೇಳುತ್ತೇನೆ, ಹೇಗೂ ಒಂದು ದಿನ ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ. ಆ ಕಾಗದ ಕಿಸೆಯಲ್ಲಿದ್ದಾಗಲೇ ಪೆಂಡಾಲಿನವನ ಹತ್ತಿರ ಕುರ್ಚಿಯ ವಿಷಯ ಮಾತಾಡಿದೆ, ಅಡಿಗೆಯವನಿಗೆ ಗೋಧಿ ಹುಗ್ಗಿ ಗಟ್ಟಿಯಾಗಬಾರದು ಎಂದು ತಾಕೀತು ಮಾಡಿದೆ.

ನಿಶ್ಚಯವಾಯಿತು. ಮರುದಿನ ದಣಿವು, ನೆಂಟರು ಉಳಿದಿದ್ದರು, ಹೋಗಲಿಲ್ಲ. ಆಸ್ಪತ್ರೆಯಲ್ಲೇ ಹೇಳಿದರಾಯಿತು, ಬಾಟಲಿ ಹಾಕುವ ಮೊದಲು ಹೇಳಿದರಾಯಿತು ಎಂದುಕೊಂಡು ಹನ್ನೊಂದನೆಯ ದಿನ ವಿಜಯಪುರಕ್ಕೆ ಹೋದೆ. ವಾರ್ಡಿಗೆ ಕಾಲಿಟ್ಟರೆ ಹಾಸಿಗೆಯ ಪಕ್ಕ ನನ್ನ ಹೊಸ ಬೀಗರು ನಿಂತಿದ್ದಾರೆ, ಕೈಯಲ್ಲಿ ಎಳನೀರು ಹಿಡಿದುಕೊಂಡು. ಹೊಸ ಸಂಬಂಧ, ಬೇನೆಯವಳನ್ನು ನೋಡಿಕೊಂಡು ಹೋಗುವುದು ಧರ್ಮವೆಂದು ಮುದ್ದೇಬಿಹಾಳದಿಂದ ಬಂದಿದ್ದರು. ಎಂಥ ಒಳ್ಳೆಯ ಜನ ನೋಡಿ. ನರ್ಸ್ ಬಾಟಲಿ ತೂಗುಹಾಕಿದಳು. ನೀಲವ್ವ ಬೋಳುತಲೆಯ ಮೇಲೆ ಸೆರಗು ಎಳೆದುಕೊಂಡು, ಸೂಜಿ ಚುಚ್ಚದ ಕೈಯನ್ನು ಎದೆಗೆ ಹಚ್ಚಿ ಬೀಗರಿಗೆ ನಮಸ್ಕಾರ ಮಾಡಿದಳು. "ನನ್ನ ಸೊಸಿ ಬಂಗಾರದಂಥಾಕಿರಿ" ಎಂದಳು. ನಮ್ಮಲ್ಲಿ ಸೋದರ ಸೊಸೆಗೂ ಸೊಸಿ ಎನ್ನುತ್ತಾರೆ. ಔಷಧ ಹನಿಹನಿಯಾಗಿ ಇಳಿಯತೊಡಗಿತು. ನಾನು ಬೀಗರನ್ನು ಕೆಳಗೆ ಕರೆದುಕೊಂಡು ಹೋಗಿ ಚಹಾ ಕುಡಿಸಿದೆ.

ಇದನ್ನು ಬರೆಯುವಾಗ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತಿದೆ. ಆಗಬೇಕು.

ಅದಾದ ಐದನೇ ದಿನ ಡಾಕ್ಟರಮ್ಮನ ಹತ್ತಿರ ಹೋಗಿ ಆ ಕಾಗದವನ್ನು ಮೇಜಿನ ಮೇಲಿಟ್ಟೆ. ಅವರು ಅದನ್ನು ನೋಡಲೂ ಇಲ್ಲ. "ಮೂರು ಸಲ ಕೇಳಿದ್ನೆಲ್ರಿ ಮಾಸ್ತರ," ಎಂದರು, ಅಷ್ಟೇ. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು. ಅಂದೇ ಚಿಕಿತ್ಸೆಯ ಡಾಕ್ಟರರನ್ನು ಕರೆಸಿ ಮಾತಾಡಿದರು. ಗಂಟಿನ ಚೂರಿದ್ದ ಗಾಜಿನ ಪಟ್ಟಿಗಳನ್ನು ಮತ್ತೆ ತೆಗೆದು ನೋಡಿದರು, ಹೊರಗಿನ ದೊಡ್ಡ ಊರಿಗೂ ಕಳಿಸಿದರು. ಫಿಟ್ಸಿಗೆ ಬೇರೆ ಗುಳಿಗೆ ಬಂತು. ತಿಂಗಳೊಪ್ಪತ್ತಿನಲ್ಲಿ ಉಳಿದ ಗಂಟು ಕರಗಿದವು, ಬರಬರುತ್ತ ಒಸಡು ಮೇಲೇರಿತು, ಕೂದಲು ಬಂತು. ನೀಲವ್ವನಿಗೆ ಕ್ಯಾನ್ಸರ್ ಇರಲೇ ಇಲ್ಲ. ಬಂದುಹೋದ ಕ್ಯಾನ್ಸರ್ ನಾನು ಕೊಟ್ಟದ್ದು.

ಗುರುಪಾದಪ್ಪನಿಗೆ ಹೇಳಲೇಬೇಕಾಯಿತು. ಆಸ್ಪತ್ರೆಯ ಬೇವಿನ ಗಿಡದ ಕೆಳಗೆ ನಿಲ್ಲಿಸಿಕೊಂಡು, ಇಪ್ಪತ್ತೆರಡು ವರ್ಷದ್ದನ್ನು ತಲೆ ತಗ್ಗಿಸಿ ಹೇಳಿದೆ. ಅವನು ಟವೆಲಿನಿಂದ ಮುಖ ಒರೆಸಿಕೊಂಡ.

"ನನಗ ಗೊತ್ತೈತ್ರಿ ಮಾಸ್ತರ. ಲಗ್ನಾಗಿ ಎರಡನೇ ತಿಂಗಳದಾಗ ಆಕಿ ಅಡಿಗಿಮನ್ಯಾಗ ಬಿದ್ದಾಗನ ನೋಡೀನಿ. ಚಟ್ನಿ ಡಬ್ಬಿನೂ ಗೊತ್ತೈತಿ. ಕೇಳಿದ್ರ ನಿಮಗ ಅಪಮಾನ ಆದೀತಂತ ಸುಮ್ನಿದ್ದೆ."

"ಮತ್ತ ಡಾಕ್ಟರಿಗೆ ಯಾಕ ಹೇಳಲಿಲ್ರಿ?"

ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ನೀವು ಒಳಗಿದ್ರೆಲ್ರಿ," ಎಂದ. "ಹೇಳಿರ್ತೀರಿ ಅಂತ ತಿಳ್ಕೊಂಡಿದ್ದೆ."

ಒಟ್ಟಿನಲ್ಲಿ ತಂಗಿಗೆ ಗೊತ್ತಿತ್ತು, ಅವಳ ಗಂಡನಿಗೆ ಗೊತ್ತಿತ್ತು, ನನ್ನ ಹೆಂಡತಿಗೆ ಗೊತ್ತಿತ್ತು, ಔಷಧಿ ಅಂಗಡಿಯವನಿಗೆ ಗೊತ್ತಿತ್ತು. ಗೊತ್ತಿಲ್ಲದೆ ಉಳಿದವರು ಡಾಕ್ಟರು ಮಾತ್ರ. ಇನ್ನು ಮುದ್ದೇಬಿಹಾಳದ ಬೀಗರು, ಅವರಿಗೆ ಮದುವೆಯಾದ ಮರುವರ್ಷ ಯಾರಿಂದಲೋ ಸುದ್ದಿ ಮುಟ್ಟಿತು. ನಾನು ಬೆವರುತ್ತ ಕೂತಿದ್ದೆ. ಅವರು "ಹೌದೇನ್ರಿ? ಈಗ ಆರಾಮ ಅದಾರಿಲ್ಲೋ?" ಎಂದು ಕೇಳಿ, ಆ ವರ್ಷದ ತೊಗರಿಯ ಧಾರಣೆ ಮಾತಾಡತೊಡಗಿದರು.

ನೀಲವ್ವನ ಬೆರಳು ಮಾತ್ರ ಸುಧಾರಿಸಲಿಲ್ಲ. ಆ ಔಷಧ ನರಗಳನ್ನು ಹಿಡಿಯುತ್ತದಂತೆ. ಬಹಳ ಮಂದಿಗೆ ಸ್ಪರ್ಶ ತಿರುಗಿ ಬರುತ್ತದಂತೆ, ಅವಳಿಗೆ ಪೂರ್ತಿ ಬರಲಿಲ್ಲ. ಎರಡನೆಯ ಸಲದ ಮೇಲೆ ಜುಮುಜುಮು ಎನ್ನುತ್ತಿದ್ದ ಬೆರಳ ತುದಿಗಳು ಮೂರನೆಯ ಸಲಕ್ಕೆ ಸತ್ತುಹೋದವು. ಅವಳು ಕೌದಿ ಹೊಲಿಯುವುದರಲ್ಲಿ ಆ ಓಣಿಗೆಲ್ಲ ಹೆಸರಾಗಿದ್ದವಳು. ನಮ್ಮ ಮನೆಯ ಪ್ರತಿ ಕೂಸೂ ಅವಳ ಕೌದಿಯಲ್ಲೇ ಮಲಗಿ ಬೆಳೆದದ್ದು. ನನ್ನ ಮಗಳು ಬಸುರಿಯಾದಾಗ ಹಟ ಹಿಡಿದು ಒಂದನ್ನು ಹೊಲಿಯಲು ಕೂತಳು. ಸೂಜಿ ಬೆರಳಿಗೆ ಚುಚ್ಚಿದ್ದು ಗೊತ್ತಾಗುತ್ತಿರಲಿಲ್ಲ. ಬಿಳಿ ಅಂಚಿನ ಮೇಲೆ ಅಲ್ಲಲ್ಲಿ ರಕ್ತದ ಚುಕ್ಕೆ ಕಂಡಾಗಲೇ ಗೊತ್ತಾದದ್ದು. ಅರ್ಧಕ್ಕೆ ಮಡಚಿಟ್ಟಳು.

ಹನ್ನೊಂದು ದಿನದ ವಿಷಯವನ್ನು ನಾನು ಯಾರಿಗೂ ಹೇಳಿರಲಿಲ್ಲ. ಕಾಗದ ಆಗಷ್ಟೇ ಕೈಗೆ ಸಿಕ್ಕಿತೆಂದು ಡಾಕ್ಟರಮ್ಮನಿಗೂ ಹೇಳಿದ್ದೆ, ಮನೆಯಲ್ಲೂ ಹೇಳಿದ್ದೆ. ಆ ಸುಳ್ಳು ಎಂಟು ವರ್ಷ ಬಾಳಿತು. ಕಳೆದ ಭಾನುವಾರ ಆಲಮೇಲಕ್ಕೆ ಹೋಗಿದ್ದೆ. ನೀಲವ್ವ ಪಡಸಾಲೆಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಹರಳನ್ನು ಬೆರಳಿಂದ ಹಿಡಿಯಲಾಗದೆ ಅಂಗೈಯಿಂದ ಬದಿಗೆ ಸರಿಸುತ್ತಿದ್ದಳು. ತಲೆಯೆತ್ತದೆ ಹೇಳಿದಳು:

"ಮೊನ್ನೆ ಸಿಂದಗಿ ಬಸ್ ಸ್ಟ್ಯಾಂಡಿನ್ಯಾಗ ಬಾಬುಸಾಬ ಭೆಟ್ಟಿ ಆಗಿದ್ದ. ಆರಾಮೇನವ್ವ ಅಂತ ಕೇಳಿದ. ‘ಮೂರನೇ ಬಾಟ್ಲಿಗಿಂತ ಮೊದಲ ಮಾಸ್ತರಗ ಹೇಳಿದ್ದೆ, ಛಲೋ ಆತು’ ಅಂದ. ಹೌದೇನಣ್ಣ?"

ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ರೂಢಿಯಲ್ಲವೇ. ನುಂಗಿಕೊಂಡೆ.

"ಹೌದು," ಎಂದೆ.

"ಎಷ್ಟ ದಿನ ಮೊದಲ?"

"ಹನ್ನೊಂದು ದಿನ."

ಅವಳು ಮೊರವನ್ನು ಕೆಳಗಿಟ್ಟಳು. ಕೈ ತಿರುಗಿಸಿ ಬೆರಳುಗಳನ್ನು ನೋಡಿಕೊಂಡಳು. ನಾನು ಕ್ಷಮೆ ಕೇಳಿದೆ, ಮಗಳ ನಿಶ್ಚಯವಿತ್ತು ಎಂದೆ, ಅಳುತ್ತ ಏನೇನೋ ಅಂದೆ. ಅವಳು ಎಲ್ಲ ಕೇಳಿಸಿಕೊಂಡು, ಒಳಗಿದ್ದ ಗಂಡನನ್ನು ಕೂಗಿದಳು. "ಅಣ್ಣನ್ನ ಬಸ್ಸಿಗೆ ಬಿಟ್ಟು ಬರ್ರಿ. ಹೊಂಟಾನ." ಅಡಿಗೆಮನೆಯಿಂದ ಬದನೆಕಾಯಿ ಪಲ್ಯದ ವಾಸನೆ ಬರುತ್ತಿತ್ತು. ತಂಗಿಯ ಮನೆಯಿಂದ ಉಣ್ಣದೆ ಎದ್ದು ಬಂದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಮನೆಗೆ ಬಂದಾಗ ಹೆಂಡತಿ ತಂಗಿಯ ಮನೆಯಲ್ಲಿ ಏನು ಅಡಿಗೆ ಎಂದು ಕೇಳಿದಳು. ಕೂರಿಸಿಕೊಂಡು ಎಲ್ಲ ಹೇಳಿದೆ. ಅವಳು, "ಆದದ್ದು ಆತು. ಮಗಳ ಮುಂದ ಮಾತ್ರ ಆಡಬ್ಯಾಡ್ರಿ. ಆಕಿ ಯಾಕ ನೋಯಬೇಕು?" ಎಂದಳು. ನಾನು ಹೂಂ ಅಂದೆ. ಅಂದು ಮುಗಿದ ಮೇಲೆ ಹೊಳೆಯಿತು, ಅವ್ವನ ದೇವರ ಮನೆಯಲ್ಲಿ ಅಂದದ್ದೂ ಇದೇ ಹೂಂ.

ಇವತ್ತು ಬೆಳಿಗ್ಗೆ, ಪಕ್ಕದ ಮನೆಯ ಒರಳು ಶುರುವಾಗುವ ಮೊದಲೇ, ಮುದ್ದೇಬಿಹಾಳಕ್ಕೆ ಫೋನ್ ಮಾಡಿ ಮಗಳಿಗೆ ಹೇಳಿದೆ. ಬಾಬುಸಾಬ ಹೇಳಿದ ದಿನದಿಂದ ಹಿಡಿದು ಬೀಗರಿಗೆ ಚಹಾ ಕುಡಿಸಿದ ತನಕ, ಒಂದನ್ನೂ ಬಿಡದೆ. ಪೂರ್ತಿ ಕೇಳಿ ಮಗಳು ಹೇಳಿದಳು:

"ಅಪ್ಪಾ, ನಾ ಈಗ ಆಲಮೇಲಕ್ಕ ಹೊಂಟೇನಿ. ನೀ ಬರಬ್ಯಾಡ."